ತೊಗರಿ, ಟ್ರಿಪ್ಸಿನ್ ಮತ್ತು ಒಂದು ತಪ್ಪು ಗ್ರಾಫ್: ಕಿಣ್ವಕ್ಕೆ ಬಿದ್ದ ತಡೆ ಯಾವ ಬಗೆಯದು ಎಂದು ಅಂಕಿಗಳಿಂದ ಕಂಡುಕೊಳ್ಳುವುದು

“ಗ್ರಾಫ್ ಭಾಳ ಚೊಲೋ ಬಂದದ ನೋಡ್ರಿ ಸರ್. ನಾನ್‌ಕಾಂಪಿಟಿಟಿವ್ ಅದ.” ಎಂ.ಎಸ್‌ಸಿ. ಕೊನೆಯ ಸೆಮಿಸ್ಟರ್‌ನ ಹುಡುಗ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಮಾರ್ಚ್ ತಿಂಗಳ ಮಧ್ಯಾಹ್ನ, ಫ್ಯಾನ್ ಬಿಸಿ ಗಾಳಿಯನ್ನೇ ಬೀಸುತ್ತಿತ್ತು. ಅವನ ಪ್ರಾಜೆಕ್ಟ್ ನಮ್ಮ ಕಲಬುರಗಿಯ ತೊಗರಿಯ ಮೇಲೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದೇ ತೊಗರಿ. ಅದರ ಕಾಳಿನಿಂದ ತೆಗೆದ ಒಂದು ಪ್ರೋಟೀನು ಟ್ರಿಪ್ಸಿನ್ ಎಂಬ, ಪ್ರೋಟೀನುಗಳನ್ನು ಸೀಳುವ ಕಿಣ್ವವನ್ನು ಹೇಗೆ ತಡೆಯುತ್ತದೆ ಎಂಬುದು ಪ್ರಶ್ನೆ. ಗ್ರಾಫ್ ನಿಜಕ್ಕೂ ಚೆಂದ ಇತ್ತು. ಉತ್ತರ ಮಾತ್ರ ತಪ್ಪು.

ಯಾಕೆ ತಪ್ಪು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲಿನ ಹೆಜ್ಜೆಗಳು ಗೊತ್ತಿಲ್ಲದೆ ಅದು ತಿಳಿಯುವುದಿಲ್ಲ. ಗೆರೆಗಳು ಎಲ್ಲಿ ಕೂಡುತ್ತವೆ ನೋಡಿ, ಹೆಸರು ಹೇಳಿ ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಆದರೆ ನಾನು ಕಂಡ ಹೆಚ್ಚಿನ ತಪ್ಪುಗಳು ಗೆರೆ ಎಳೆಯುವ ಮೊದಲೇ ಆಗಿಹೋಗಿರುತ್ತವೆ.

ನಾವು ಕೇಳುತ್ತಿರುವುದು ಏನು?

ಆಳಂದದ ಬಸ್ಸು ಸ್ಟ್ಯಾಂಡಿಗೆ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಕಿಣ್ವ ಅಂದರೆ ಸೀಟು, ಕಿಣ್ವ ಕೆಲಸ ಮಾಡುವ ವಸ್ತು (ಸಬ್‌ಸ್ಟ್ರೇಟ್) ಅಂದರೆ ಜನ, ಕಿಣ್ವವನ್ನು ತಡೆಯುವ ವಸ್ತುವೇ ಇನ್‌ಹಿಬಿಟರ್. ಕಾಂಪಿಟಿಟಿವ್ ಇನ್‌ಹಿಬಿಟರ್ ಅಂದರೆ ಆ ಟವೆಲ್. ಅದು ಖಾಲಿ ಸೀಟಿನ ಮೇಲೆ ಬೀಳುತ್ತದೆ. ಜನ ಜಾಸ್ತಿ ನುಗ್ಗಿದರೆ ಟವೆಲ್ಲಿನ ಆಟ ನಡೆಯುವುದಿಲ್ಲ. ಅನ್‌ಕಾಂಪಿಟಿಟಿವ್ ಬೇರೆ ಥರ. ಅದು ಖಾಲಿ ಸೀಟಿನ ತಂಟೆಗೇ ಹೋಗದ ಜಗಳಗಂಟ. ಯಾರಾದರೂ ಕೂತ ಮೇಲೆ ಬಂದು ತಗಾದೆ ತೆಗೆಯುತ್ತಾನೆ. ಜನ ಹೆಚ್ಚಿದಷ್ಟೂ ಅವನಿಗೆ ಕೆಲಸ ಹೆಚ್ಚು. ಎರಡೂ ಕಡೆ ಕೈ ಹಾಕುವುದು ಮಿಕ್ಸ್ಡ್. ಎರಡೂ ಕಡೆ ಸರಿಸಮವಾಗಿ ಕೈ ಹಾಕಿದರೆ ಅದು ನಾನ್‌ಕಾಂಪಿಟಿಟಿವ್. ಹೋಲಿಕೆ ಇಷ್ಟಕ್ಕೇ ಸಾಕು, ಮುಂದೆ ಎಳೆದರೆ ಹರಿಯುತ್ತದೆ.

ಲೆಕ್ಕದಲ್ಲಿ ಇದಕ್ಕೆ ಎರಡು ಸಂಖ್ಯೆ ಬೇಕು. ಖಾಲಿ ಕಿಣ್ವಕ್ಕೆ ಇನ್‌ಹಿಬಿಟರ್ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದು ಕೆಐಸಿ. ಸಬ್‌ಸ್ಟ್ರೇಟ್ ಕೂತಿರುವ ಕಿಣ್ವಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದು ಕೆಐಯು. ಸಂಖ್ಯೆ ಸಣ್ಣದಾದಷ್ಟೂ ಹಿಡಿತ ಗಟ್ಟಿ. 1913ರ ಮೈಕೇಲಿಸ್–ಮೆಂಟೆನ್ ಸಮೀಕರಣಕ್ಕೆ ಇವೆರಡನ್ನೂ ಸೇರಿಸಿದರೆ ಹೀಗಾಗುತ್ತದೆ:

ವೇಗ = ವಿಮ್ಯಾಕ್ಸ್ × ಎಸ್ ÷ [ಕೆಎಂ × (1 + ಐ ÷ ಕೆಐಸಿ) + ಎಸ್ × (1 + ಐ ÷ ಕೆಐಯು)]

ಎಸ್ ಅಂದರೆ ಸಬ್‌ಸ್ಟ್ರೇಟ್‌ನ ಸಾಂದ್ರತೆ, ಐ ಅಂದರೆ ಇನ್‌ಹಿಬಿಟರ್‌ನದು. ವಿಮ್ಯಾಕ್ಸ್ ಅಂದರೆ ಕಿಣ್ವ ಮುಟ್ಟಬಹುದಾದ ಗರಿಷ್ಠ ವೇಗ, ಕೆಎಂ ಅಂದರೆ ಅದರ ಅರ್ಧ ವೇಗ ಸಿಗುವ ಸಬ್‌ಸ್ಟ್ರೇಟ್ ಸಾಂದ್ರತೆ. ಮೊದಲ ಬ್ರಾಕೆಟ್ಟನ್ನು ಆಲ್ಫಾ ಎನ್ನೋಣ, ಎರಡನೆಯದನ್ನು ಬೀಟಾ. ಬೀಟಾ 1 ಆಗಿ ಆಲ್ಫಾ ಮಾತ್ರ ಏರಿದರೆ ಕಾಂಪಿಟಿಟಿವ್. ಆಲ್ಫಾ 1 ಆಗಿ ಬೀಟಾ ಮಾತ್ರ ಏರಿದರೆ ಅನ್‌ಕಾಂಪಿಟಿಟಿವ್. ಎರಡೂ ಏರಿದರೆ ಮಿಕ್ಸ್ಡ್. ನಾಲ್ಕು ಸಮೀಕರಣ ಬಾಯಿಪಾಠ ಮಾಡುವುದಕ್ಕಿಂತ ಈ ಒಂದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಮೇಲು.

ಹೆಜ್ಜೆ 1: ನೀವು ಅಳೆದ ವೇಗ ನಿಜವಾಗಿ ಆರಂಭದ ವೇಗವೇ?

ಉದಾಹರಣೆಗೆ ಆಲ್ಕಲೈನ್ ಫಾಸ್ಫಟೇಸ್ ತೆಗೆದುಕೊಳ್ಳೋಣ. ಬಹುತೇಕ ಎಲ್ಲ ಲ್ಯಾಬ್‌ಗಳಲ್ಲೂ ಸಿಗುತ್ತದೆ. ಸಬ್‌ಸ್ಟ್ರೇಟ್ ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್. ಕಿಣ್ವ ಅದನ್ನು ಸೀಳಿದಾಗ ಹಳದಿ ಬಣ್ಣದ ನೈಟ್ರೋಫೀನಾಲ್ ಹೊರಬರುತ್ತದೆ. ಪಿಎಚ್ 10ರ ಹತ್ತಿರ ಅದು ಪೂರ್ತಿ ಹಳದಿಯಾಗಿರುತ್ತದೆ. 405 ನ್ಯಾನೋಮೀಟರ್‌ನಲ್ಲಿ ಓದಿದರೆ 1 ಸೆಂ.ಮೀ. ಕುವೆಟ್ಟಿನಲ್ಲಿ (ಅಳತೆಯ ಪುಟ್ಟ ಪಾತ್ರೆ) ಪ್ರತಿ ಮೈಕ್ರೋಮೋಲಾರ್‌ಗೆ ಸುಮಾರು 0.018 ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರಿದ ಅಳತೆ, ಸಿಗುತ್ತದೆ.

ಸಬ್‌ಸ್ಟ್ರೇಟ್‌ನ ಶೇ. 10ಕ್ಕಿಂತ ಕಡಿಮೆ ಖರ್ಚಾಗುವುದರೊಳಗೆ ಅಳತೆ ಮುಗಿಯಬೇಕು ಎಂಬುದು ಹಳೆಯ ನಿಯಮ. ಕೇಳಲು ಸುಲಭ. ಆದರೆ 0.1 ಮಿಲಿಮೋಲಾರ್ ಸಬ್‌ಸ್ಟ್ರೇಟ್‌ನಲ್ಲಿ ವೇಗ ನಿಮಿಷಕ್ಕೆ 12 ಮೈಕ್ರೋಮೋಲಾರ್ ಇದೆ ಎಂದುಕೊಳ್ಳಿ. ಶೇ. 10 ಅಂದರೆ 10 ಮೈಕ್ರೋಮೋಲಾರ್. ಅದು 50 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನೀವು ಐದು ನಿಮಿಷ ಬಿಟ್ಟು ಒಂದೇ ರೀಡಿಂಗ್ ತೆಗೆದರೆ ಅಲ್ಲಿ ಸಿಗುವುದು ಆರಂಭದ ವೇಗವಲ್ಲ, ಸುಸ್ತಾದ ವೇಗ. ಇತ್ತ 3.2 ಮಿಲಿಮೋಲಾರ್‌ನಲ್ಲಿ ಬೇರೆ ತೊಂದರೆ. ಶೇ. 10 ತಲುಪಲು ಆರು ನಿಮಿಷ ಇದ್ದರೂ, ಒಂದೂವರೆ ನಿಮಿಷಕ್ಕೇ ಅಬ್ಸಾರ್ಬೆನ್ಸ್ 1.5ರ ಹತ್ತಿರ ಬರುತ್ತದೆ. ಅಲ್ಲಿಂದ ಮೇಲೆ ಬಹಳಷ್ಟು ಹಳೆಯ ಉಪಕರಣಗಳನ್ನು ನಂಬುವಂತಿಲ್ಲ. ಎರಡಕ್ಕೂ ಮದ್ದು ಒಂದೇ: ಕಿಣ್ವವನ್ನು ಕಾಲು ಭಾಗಕ್ಕೆ ಇಳಿಸಿ, 10 ಸೆಕೆಂಡಿಗೊಮ್ಮೆ ಓದಿ, ನೇರವಾಗಿರುವ ಭಾಗದ ಇಳಿಜಾರನ್ನು ಮಾತ್ರ ತೆಗೆದುಕೊಳ್ಳಿ.

ಕಿಣ್ವವನ್ನು ಅರ್ಧ ಮಾಡಿದರೆ ವೇಗವೂ ಅರ್ಧವಾಗಬೇಕು. ಇದನ್ನು ಮೊದಲ ದಿನವೇ ನೋಡಿ. ಕಿಣ್ವ ಹಾಕದ ಬ್ಲ್ಯಾಂಕ್ ಪ್ರತಿಯೊಂದು ಸಬ್‌ಸ್ಟ್ರೇಟ್ ಸಾಂದ್ರತೆಗೂ ಬೇಕು, ಒಂದಕ್ಕೆ ಮಾತ್ರ ಸಾಲದು. ಇನ್‌ಹಿಬಿಟರನ್ನು ಡಿಎಂಎಸ್‌ಒ ಅಥವಾ ಎಥನಾಲ್‌ನಲ್ಲಿ ಕರಗಿಸಿದ್ದರೆ, ಇನ್‌ಹಿಬಿಟರ್ ಇಲ್ಲದ ಟ್ಯೂಬಿಗೂ ಅಷ್ಟೇ ದ್ರಾವಕ ಹಾಕಿ. ಬೇವು, ತುಳಸಿ ಅಂತ ಎಲೆಗಳ ಸಾರ ತೆಗೆದು ಪರೀಕ್ಷಿಸುವವರಿಗೆ ಒಂದು ಮಾತು: ಆ ಸಾರ ಹಲವು ಸಲ 405ರಲ್ಲಿ ತಾನೇ ಬೆಳಕು ಹೀರುತ್ತದೆ. ಅದನ್ನು ಕಳೆಯದಿದ್ದರೆ ಏನನ್ನು ಅಳೆಯುತ್ತಿದ್ದೀರಿ ಎಂದು ದೇವರಿಗೇ ಗೊತ್ತು. ಮತ್ತೆ ಈ ಕಿಣ್ವಕ್ಕೆ ಫಾಸ್ಫೇಟ್ ಬಫರ್ ಬೇಡವೇ ಬೇಡ, ಫಾಸ್ಫೇಟೇ ಇದರ ಇನ್‌ಹಿಬಿಟರ್. ಇಡಿಟಿಎ ಕೂಡ ಬೇಡ, ಕಿಣ್ವದೊಳಗಿನ ಸತುವನ್ನು ಕಿತ್ತುಕೊಳ್ಳುತ್ತದೆ.

ಇನ್ನು ನಮ್ಮೂರ ಬಿಸಿಲು. ನಾನು ಪಿಎಚ್.ಡಿ. ಮಾಡುವಾಗ ಒಂದು ಏಪ್ರಿಲ್‌ನಲ್ಲಿ ಇನ್‌ಹಿಬಿಟರ್ ಇಲ್ಲದ ಸಾಲನ್ನು ಬೆಳಿಗ್ಗೆ ಒಂಬತ್ತಕ್ಕೆ ಅಳೆದೆ. ಇನ್‌ಹಿಬಿಟರ್ ಇರುವ ಸಾಲನ್ನು ಊಟ ಮುಗಿಸಿ ಬಂದು ಮೂರು ಗಂಟೆಗೆ ಅಳೆದೆ. ಹೊರಗೆ 42 ಡಿಗ್ರಿ, ಕುವೆಟ್ ಇಡುವ ಜಾಗಕ್ಕೆ ಉಷ್ಣತೆಯ ನಿಯಂತ್ರಣ ಇರಲಿಲ್ಲ. ಹತ್ತು ಡಿಗ್ರಿ ಏರಿದರೆ ಬಹಳಷ್ಟು ಕಿಣ್ವಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಇನ್‌ಹಿಬಿಟರ್ ಇಳಿಸಿದ್ದನ್ನು ಬಿಸಿಲು ಏರಿಸಿತ್ತು. “ಈ ಸಂಯುಕ್ತ ಏನೂ ಮಾಡುವುದಿಲ್ಲ” ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಎರಡು ವಾರ ಅದನ್ನು ಮೂಲೆಗೆ ಹಾಕಿದ್ದೆ. ಈಗ ನನ್ನ ಹುಡುಗರಿಗೆ ಹೇಳುವುದು ಇಷ್ಟೇ: ಇನ್‌ಹಿಬಿಟರ್ ಇಲ್ಲದ ಒಂದು ಟ್ಯೂಬ್, ಇರುವ ಒಂದು ಟ್ಯೂಬ್, ಹೀಗೆ ಅದಲು ಬದಲು ಮಾಡಿ ಓಡಿಸಿ. ಬಫರನ್ನು ವಾಟರ್ ಬಾತ್‌ನಲ್ಲಿಟ್ಟು, ಕುವೆಟ್ಟಿನೊಳಗಿನ ಉಷ್ಣತೆಯನ್ನೇ ಅಳೆದು ಬರೆದುಕೊಳ್ಳಿ. ಕರೆಂಟ್ ಹೋಗಿ ಬಂದರೆ ಲ್ಯಾಂಪ್ ಮತ್ತೆ ಕಾಯುವವರೆಗೆ ತಡೆಯಿರಿ.

ಹೆಜ್ಜೆ 2: ಹಿಡಿದ ಕೈ ಬಿಡುತ್ತದೆಯೇ?

ಮೇಲಿನ ಸಮೀಕರಣ ನಡೆಯುವುದು ಬಂದು ಹೋಗುವ ಇನ್‌ಹಿಬಿಟರ್‌ಗೆ ಮಾತ್ರ. ಕಿಣ್ವಕ್ಕೆ ಅಂಟಿ ಬಿಡದೇ ಇರುವ ವಸ್ತು ವಿಮ್ಯಾಕ್ಸನ್ನು ಇಳಿಸಿ ಕೆಎಂ ಹಾಗೇ ಬಿಡುತ್ತದೆ. ಯಾಕಂದರೆ ಬದುಕಿರುವ ಕಿಣ್ವದ ಸಂಖ್ಯೆಯೇ ಕಡಿಮೆಯಾಗಿರುತ್ತದೆ. ಗ್ರಾಫ್‌ನಲ್ಲಿ ಅದು ಥೇಟ್ ನಾನ್‌ಕಾಂಪಿಟಿಟಿವ್ ಥರ ಕಾಣುತ್ತದೆ.

ಪರೀಕ್ಷೆ ಸುಲಭ. ಯಾವಾಗಲೂ ಬಳಸುವುದರ 100 ಪಟ್ಟು ಕಿಣ್ವವನ್ನು, ಐಸಿ50ರ 10 ಪಟ್ಟು ಇನ್‌ಹಿಬಿಟರ್ ಜೊತೆ ಅರ್ಧ ಗಂಟೆ ಇಡಿ. ವೇಗವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆಗೇ ಐಸಿ50 ಎನ್ನುವುದು. ಆಮೇಲೆ ಸಬ್‌ಸ್ಟ್ರೇಟ್ ಇರುವ ಬಫರಿನಲ್ಲಿ ಮಿಶ್ರಣವನ್ನು 100 ಪಟ್ಟು ತೆಳು ಮಾಡಿ. ಕಿಣ್ವ ಮಾಮೂಲಿ ಮಟ್ಟಕ್ಕೆ ಬಂತು, ಇನ್‌ಹಿಬಿಟರ್ ಐಸಿ50ರ ಹತ್ತನೇ ಒಂದಕ್ಕೆ ಇಳಿಯಿತು. ಕೈ ಬಿಡುವ ಇನ್‌ಹಿಬಿಟರ್ ಆದರೆ ವೇಗ ಸುಮಾರು ಶೇ. 90 ವಾಪಸ್ ಬರುತ್ತದೆ. ಬರದಿದ್ದರೆ ಇಲ್ಲಿಗೇ ನಿಲ್ಲಿ, ಮುಂದಿನ ಹೆಜ್ಜೆಗಳು ನಿಮ್ಮ ವಸ್ತುವಿಗೆ ಅಲ್ಲ.

ಇನ್ನೊಂದು ಮೋಸವೂ ಇದೆ. ಕೆಲವು ಸಂಯುಕ್ತಗಳು ನೀರಿನಲ್ಲಿ ಗಂಟು ಗಂಟಾಗಿ ಕಿಣ್ವವನ್ನು ಸುಮ್ನೆ ಮೆತ್ತಿಕೊಳ್ಳುತ್ತವೆ. ಶೇ. 0.01 ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ ನೋಡಿ. ತಡೆ ಮಾಯವಾದರೆ ಅದು ಗಂಟಿನ ಕೆಲಸ.

ಹೆಜ್ಜೆ 3: ಸಾಂದ್ರತೆಗಳನ್ನು ಆರಿಸುವುದು

ಮೊದಲು ಇನ್‌ಹಿಬಿಟರ್ ಇಲ್ಲದೆ ಕೆಎಂ ಅಂದಾಜು ಮಾಡಿ. ಆಮೇಲೆ ಅದರ ಕಾಲು ಭಾಗದಿಂದ ಎಂಟು ಪಟ್ಟಿನವರೆಗೆ ಆರು ಸಬ್‌ಸ್ಟ್ರೇಟ್ ಸಾಂದ್ರತೆ. ಸೊನ್ನೆಯೂ ಸೇರಿ ನಾಲ್ಕೈದು ಇನ್‌ಹಿಬಿಟರ್ ಸಾಂದ್ರತೆ. ಪ್ರತಿಯೊಂದಕ್ಕೂ ಕನಿಷ್ಠ ಎರಡು, ಕೈಗೂಡಿದರೆ ಮೂರು ಸಲ. ತೊಂಬತ್ತು ಟ್ಯೂಬ್ ಆಗುತ್ತದೆ ಎಂದು ಗಾಬರಿಯಾಗಬೇಡಿ, ಎರಡು ದಿನದ ಕೆಲಸ. ಸಬ್‌ಸ್ಟ್ರೇಟ್ ದುಬಾರಿ ಎಂದು ದೊಡ್ಡ ಸಾಂದ್ರತೆಗಳನ್ನು ಬಿಟ್ಟರೆ ಬೀಟಾ ಸಿಗುವುದಿಲ್ಲ, ಸಣ್ಣವನ್ನು ಬಿಟ್ಟರೆ ಆಲ್ಫಾ ಸಿಗುವುದಿಲ್ಲ.

ಹೆಜ್ಜೆ 4: ಗ್ರಾಫ್‌ಗೂ ಮೊದಲು ಒಂದು ಭಾಗಾಕಾರ

ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲಿ ಎಂದು ನಾನೇ ಕಟ್ಟಿದವು, ಲ್ಯಾಬಿನದಲ್ಲ. ವಿಮ್ಯಾಕ್ಸ್ ನಿಮಿಷಕ್ಕೆ 60 ಮೈಕ್ರೋಮೋಲಾರ್, ಕೆಎಂ 0.4 ಮಿಲಿಮೋಲಾರ್. ಇನ್‌ಹಿಬಿಟರ್ ‘ಅ’ 1 ಮಿಲಿಮೋಲಾರ್, ‘ಬ’ 5 ಮಿಲಿಮೋಲಾರ್ ಹಾಕಿದೆ ಎಂದುಕೊಳ್ಳಿ.

| ಸಬ್‌ಸ್ಟ್ರೇಟ್ (ಮಿಲಿಮೋಲಾರ್) | ಇನ್‌ಹಿಬಿಟರ್ ಇಲ್ಲದ ವೇಗ | ‘ಅ’ ಇದ್ದಾಗ | ‘ಬ’ ಇದ್ದಾಗ |
|---|---|---|---|
| 0.1 | 12.0 | 4.6 | 10.0 |
| 0.2 | 20.0 | 8.6 | 15.0 |
| 0.4 | 30.0 | 15.0 | 20.0 |
| 0.8 | 40.0 | 24.0 | 24.0 |
| 1.6 | 48.0 | 34.3 | 26.7 |
| 3.2 | 53.3 | 43.6 | 28.2 |

0.8ರ ಸಾಲು ನೋಡಿ. ಎರಡಕ್ಕೂ 24! ಒಂದೇ ಸಬ್‌ಸ್ಟ್ರೇಟ್ ಸಾಂದ್ರತೆಯಲ್ಲಿ “ಶೇ. 40 ತಡೆ” ಎಂದು ಬರೆದು ಮುಗಿಸಿದವರಿಗೆ ‘ಅ’ಗೂ ‘ಬ’ಗೂ ವ್ಯತ್ಯಾಸವೇ ಕಾಣುವುದಿಲ್ಲ.

ಈಗ ಪ್ರತಿ ಸಾಲಿನಲ್ಲೂ ಇನ್‌ಹಿಬಿಟರ್ ಇಲ್ಲದ ವೇಗವನ್ನು ಇರುವ ವೇಗದಿಂದ ಭಾಗಿಸಿ. ‘ಅ’ಗೆ ಮೇಲಿನಿಂದ ಕೆಳಗೆ 2.6, 2.3, 2, 1.67, 1.4, 1.2. ಇಳಿಯುತ್ತಾ 1ರ ಕಡೆ ಹೊರಟಿದೆ. ಜನ ನುಗ್ಗಿ ಟವೆಲ್ ಸರಿಸಿದರು, ಹಾಗಾಗಿ ಕಾಂಪಿಟಿಟಿವ್. ‘ಬ’ಗೆ 1.2, 1.33, 1.5, 1.67, 1.8, 1.9. ಏರುತ್ತಿದೆ, ಅನ್‌ಕಾಂಪಿಟಿಟಿವ್. ಎಲ್ಲ ಸಾಲಿನಲ್ಲೂ ಒಂದೇ ಸಂಖ್ಯೆ ಬಂದರೆ ನಾನ್‌ಕಾಂಪಿಟಿಟಿವ್. ಇಳಿದರೂ 1ರತ್ತ ಹೋಗದೆ ಮೇಲೆಲ್ಲೋ ನಿಂತರೆ ಮಿಕ್ಸ್ಡ್. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಲ್ಯಾಬಿನಲ್ಲಿ ನಿಂತೇ ಮಾಡಿ, ಏನಾದರೂ ಎಡವಟ್ಟಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಲ್ಕಲೈನ್ ಫಾಸ್ಫಟೇಸ್‌ಗೆ ಈ ಎರಡೂ ಬಗೆಯವು ನಿಜವಾಗಿಯೂ ಇವೆ. ಫಾಸ್ಫೇಟ್ ಕಾಂಪಿಟಿಟಿವ್. ಕರುಳಿನ ಆಲ್ಕಲೈನ್ ಫಾಸ್ಫಟೇಸ್‌ಗೆ ಎಲ್-ಫೀನೈಲಲನಿನ್ ಅನ್‌ಕಾಂಪಿಟಿಟಿವ್, ಇದು ಅಪರೂಪದ ಬಗೆಗೆ ಸಿಗುವ ಒಳ್ಳೆಯ ಉದಾಹರಣೆ. ಡಿ-ಫೀನೈಲಲನಿನ್ ತಡೆಯುವುದಿಲ್ಲ, ಹಾಗಾಗಿ ಕಂಟ್ರೋಲ್ ಕೂಡ ಕೈಯಲ್ಲೇ ಸಿಕ್ಕಂತೆ. ಪ್ರಾಕ್ಟಿಕಲ್ ಕ್ಲಾಸಿಗೆ ಈ ಜೋಡಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹೆಜ್ಜೆ 5: ಗ್ರಾಫ್ ನೋಡಲಿಕ್ಕೆ, ಸಂಖ್ಯೆ ಫಿಟ್ಟಿಂಗ್‌ನಿಂದ

1934ರ ಲೈನ್‌ವೀವರ್–ಬರ್ಕ್ ಗ್ರಾಫ್ ಎಲ್ಲರಿಗೂ ಗೊತ್ತು. ವೇಗವನ್ನೂ ಸಾಂದ್ರತೆಯನ್ನೂ ತಲೆಕೆಳಗು ಮಾಡಿ ಗೆರೆ ಎಳೆಯುವುದು. ಗೆರೆಗಳು ನಿಂತ ಅಕ್ಷದ ಮೇಲೆ ಕೂಡಿದರೆ ಕಾಂಪಿಟಿಟಿವ್, ಸಮಾನಾಂತರ ಹೋದರೆ ಅನ್‌ಕಾಂಪಿಟಿಟಿವ್, ಆ ಅಕ್ಷದ ಎಡಗಡೆ ಕೂಡಿದರೆ ಮಿಕ್ಸ್ಡ್, ಅದರಲ್ಲೂ ಮಲಗಿದ ಅಕ್ಷದ ಮೇಲೆಯೇ ಕೂಡಿದರೆ ನಾನ್‌ಕಾಂಪಿಟಿಟಿವ್. ನೋಡಲು ಚೆಂದ, ಪ್ರಬಂಧದಲ್ಲಿ ಹಾಕಿ. ಆದರೆ ಕೆಎಂ, ಕೆಐ (ಕೆಐಸಿ, ಕೆಐಯು ಎರಡಕ್ಕೂ ಸೇರಿದ ಹೆಸರು) ಅದರಿಂದ ತೆಗೆಯಬೇಡಿ.

ಯಾಕೆ ಅಂತೀರಾ? ನಿಮ್ಮ ಅಳತೆಯಲ್ಲಿ 1ರಷ್ಟು ಏರುಪೇರು ಇದೆ ಎಂದುಕೊಳ್ಳಿ. 43.6 ಇದ್ದದ್ದು 42.6 ಆದರೆ ತಲೆಕೆಳಗು ಮಾಡಿದಾಗ 0.0229 ಇದ್ದದ್ದು 0.0235 ಆಗುತ್ತದೆ, ಕಣ್ಣಿಗೂ ಕಾಣದು. 4.6 ಇದ್ದದ್ದು 3.6 ಆದರೆ 0.217 ಇದ್ದದ್ದು 0.278ಕ್ಕೆ ಜಿಗಿಯುತ್ತದೆ. ಆ ಬಿಂದು ಗೆರೆಯ ಬಲತುದಿಯಲ್ಲಿ ಕೂತು ಇಡೀ ಗೆರೆಯನ್ನು ತನ್ನ ಕಡೆ ವಾಲಿಸುತ್ತದೆ. ಎಲ್ಲಕ್ಕಿಂತ ಕೆಟ್ಟ ಅಳತೆಗೆ ಎಲ್ಲಕ್ಕಿಂತ ಜೋರು ದನಿ ಕೊಟ್ಟಂತೆ.

1953ರ ಡಿಕ್ಸನ್ ಗ್ರಾಫ್‌ನಲ್ಲಿ ಇನ್‌ಹಿಬಿಟರ್ ಎದುರು ತಲೆಕೆಳಗಾದ ವೇಗ ಇಡುತ್ತಾರೆ. ಕಾಂಪಿಟಿಟಿವ್ ಆದರೂ ಮಿಕ್ಸ್ಡ್ ಆದರೂ ಗೆರೆಗಳು ಎಡಗಡೆ ಕೂಡುತ್ತವೆ, ಅದೊಂದರಿಂದಲೇ ತೀರ್ಪು ಕೊಡಲಾಗದು. 1974ರಲ್ಲಿ ಕಾರ್ನಿಷ್-ಬೌಡನ್ ಇದಕ್ಕೊಂದು ಜೋಡಿ ಕೊಟ್ಟರು: ಇನ್‌ಹಿಬಿಟರ್ ಎದುರು ಎಸ್ ಭಾಗಿಸು ವೇಗ. ಇದರಲ್ಲಿ ಕಾಂಪಿಟಿಟಿವ್‌ನ ಗೆರೆಗಳು ಸಮಾನಾಂತರ. ಮೇಲಿನ ಪಟ್ಟಿಯ ‘ಅ’ಯಿಂದಲೇ ತಾಳೆ ನೋಡಿ: ಮೊದಲ ಸಾಲಿನಲ್ಲಿ 0.0083ರಿಂದ 0.0217ಕ್ಕೆ, ಕೊನೆಯ ಸಾಲಿನಲ್ಲಿ 0.0600ರಿಂದ 0.0733ಕ್ಕೆ. ಎರಡರಲ್ಲೂ ಏರಿಕೆ ಸುಮಾರು 0.0133. ಎರಡು ಗ್ರಾಫ್‌ಗಳನ್ನು ಅಕ್ಕಪಕ್ಕ ಇಟ್ಟರೆ ಅನುಮಾನ ಬಹಳಮಟ್ಟಿಗೆ ತೀರುತ್ತದೆ.

ಸಂಖ್ಯೆಗೆ ಮಾತ್ರ ಮೂಲ ಸಮೀಕರಣವನ್ನೇ ಎಲ್ಲ ಅಂಕಿಗಳಿಗೂ ಒಟ್ಟಿಗೆ ಫಿಟ್ ಮಾಡಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಎಕ್ಸೆಲ್‌ನಲ್ಲಿ ಎಸ್, ಐ, ಅಳೆದ ವೇಗ ಮೂರು ಕಾಲಂ. ನಾಲ್ಕನೆಯದರಲ್ಲಿ ಸಮೀಕರಣ ಹೇಳುವ ವೇಗ. ಐದನೆಯದರಲ್ಲಿ ಎರಡರ ವ್ಯತ್ಯಾಸದ ವರ್ಗ. ಕೆಳಗೆ ಅದರ ಮೊತ್ತ. ಸಾಲ್ವರ್‌ಗೆ ಆ ಮೊತ್ತವನ್ನು ಆದಷ್ಟು ಇಳಿಸು, ಬದಲಿಸಬೇಕಾದದ್ದು ವಿಮ್ಯಾಕ್ಸ್, ಕೆಎಂ, ಕೆಐಸಿ, ಕೆಐಯು ಎಂದು ಹೇಳಿ. ವಿಧಾನ ಜಿಆರ್‌ಜಿ ನಾನ್‌ಲೀನಿಯರ್. ಲಿಬ್ರೆಆಫೀಸ್ ಬಳಸುವವರು ಸಾಲ್ವರ್‌ನ ಆಪ್ಷನ್ಸ್‌ಗೆ ಹೋಗಿ ನಾನ್‌ಲೀನಿಯರ್ ಎಂಜಿನ್ ಆರಿಸಬೇಕು. ಮೊದಲೇ ಇರುವ ಲೀನಿಯರ್ ಎಂಜಿನ್ ಇದಕ್ಕೆ ಒಗ್ಗುವುದಿಲ್ಲ. ಆರಂಭದ ಊಹೆಯನ್ನು ಎರಡು ಮೂರು ಬಗೆಯಲ್ಲಿ ಕೊಟ್ಟು ನೋಡಿ, ಪ್ರತಿ ಸಲ ಒಂದೇ ಉತ್ತರಕ್ಕೆ ಬರಬೇಕು.

ಸಾಲ್ವರ್ ಎರರ್ ಹೇಳುವುದಿಲ್ಲ, ಇದು ಅದರ ಕೊರತೆ. ಆರ್ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಅದು ಬಾರದಿದ್ದರೆ ಒಂದೊಂದು ಸಾಲು ಬಿಟ್ಟು ಮತ್ತೆ ಮತ್ತೆ ಫಿಟ್ ಮಾಡಿ, ಉತ್ತರ ಎಷ್ಟು ಓಲಾಡುತ್ತದೆ ನೋಡಿ.

ಹೆಜ್ಜೆ 6: ಯಾವ ಮಾದರಿ ಗೆದ್ದಿತು?

ಮಿಕ್ಸ್ಡ್ ಮಾದರಿಯಲ್ಲಿ ಒಂದು ಸಂಖ್ಯೆ ಜಾಸ್ತಿ ಇದೆ. ಹಾಗಾಗಿ ಅದು ಯಾವಾಗಲೂ ತುಸು ಚೆನ್ನಾಗಿಯೇ ಹೊಂದುತ್ತದೆ. ಅದನ್ನೇ ಗೆಲುವು ಎಂದುಕೊಳ್ಳಬೇಡಿ. ಮೊದಲು ಮಿಕ್ಸ್ಡ್ ಫಿಟ್ ಮಾಡಿ ಕೆಐಯು ಎಷ್ಟು ಬಂತು ನೋಡಿ. ನೀವು ಬಳಸಿದ ಇನ್‌ಹಿಬಿಟರ್‌ಗಿಂತ ನೂರಾರು ಪಟ್ಟು ದೊಡ್ಡದಾಗಿ, ಅದರ ಎರರ್ ಅದಕ್ಕಿಂತಲೂ ದೊಡ್ಡದಾಗಿದ್ದರೆ, ಆ ಸಂಖ್ಯೆಗೆ ಅರ್ಥ ಇಲ್ಲ. ಕಾಂಪಿಟಿಟಿವ್ ಸಾಕು. ಎಐಸಿ (ಮಾದರಿಗಳನ್ನು ಹೋಲಿಸುವ ಒಂದು ಅಂಕ) ಲೆಕ್ಕ ಹಾಕುವವರಿಗೆ: ಎರಡು ಮಾದರಿಗಳ ನಡುವೆ ಅಂತರ 2ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಅಂಕಿಗಳು ತೀರ್ಪು ಕೊಟ್ಟಿಲ್ಲ ಎಂದೇ ಬರೆಯಿರಿ. ನಾಚಿಕೆಯ ಮಾತೇನಲ್ಲ. ಉಳಿಕೆಗಳನ್ನೂ ನೋಡಿ: ಅಳೆದದ್ದಕ್ಕೂ ಸಮೀಕರಣ ಹೇಳಿದ್ದಕ್ಕೂ ಇರುವ ವ್ಯತ್ಯಾಸ ಸೊನ್ನೆಯ ಆಚೀಚೆ ಚೆಲ್ಲಾಪಿಲ್ಲಿ ಇರಬೇಕು, ಬಿಲ್ಲಿನಂತೆ ಬಾಗಿದ್ದರೆ ಮಾದರಿ ತಪ್ಪು.

ಕೆಐ ತೆಗೆಯುವುದು ಈಗ ಸುಲಭ. ‘ಅ’ ಇದ್ದಾಗ ಕೆಎಂ 0.4ರಿಂದ 1.2ಕ್ಕೆ ಏರಿತು, ಆಲ್ಫಾ 3. ಹಾಗಾಗಿ ಕೆಐಸಿ = 1 ÷ (3 − 1) = 0.5 ಮಿಲಿಮೋಲಾರ್. ‘ಬ’ ಇದ್ದಾಗ ವಿಮ್ಯಾಕ್ಸ್ 60ರಿಂದ 30ಕ್ಕೆ, ಕೆಎಂ 0.4ರಿಂದ 0.2ಕ್ಕೆ. ಬೀಟಾ 2, ಕೆಐಯು 5 ಮಿಲಿಮೋಲಾರ್. ಕೆಎಂ ಇಳಿಯಿತು ಅಂದರೆ ಕಿಣ್ವ ಸುಧಾರಿಸಿತು ಎಂದು ಅರ್ಥವಲ್ಲ, ಪ್ರತಿ ವರ್ಷ ಯಾರಾದರೂ ವೈವಾದಲ್ಲಿ ಹೀಗೆ ಹೇಳಿ ಸಿಕ್ಕಿಬೀಳುತ್ತಾರೆ.

ಐಸಿ50 ಮಾತ್ರ ಇದ್ದರೆ? ಕಾಂಪಿಟಿಟಿವ್ ಎಂದು ಮೊದಲೇ ಗೊತ್ತಿದ್ದರೆ, 1973ರ ಚೆಂಗ್–ಪ್ರುಸಾಫ್ ಸೂತ್ರದಂತೆ ಅದನ್ನು (1 + ಎಸ್ ÷ ಕೆಎಂ) ಇಂದ ಭಾಗಿಸಿ ಕೆಐ ಪಡೆಯಬಹುದು. ಬಗೆ ಗೊತ್ತಿಲ್ಲದೆ ಆ ಸೂತ್ರ ಹಚ್ಚುವಂತಿಲ್ಲ.

ಹೆಜ್ಜೆ 7: ತೊಗರಿಯ ವಿಷಯ

ಈಗ ಆ ಹುಡುಗನ ಗ್ರಾಫ್‌ಗೆ ಬರೋಣ. ತೊಗರಿಯಲ್ಲಿ ಬೌಮನ್–ಬಿರ್ಕ್, ಕುನಿಟ್ಜ್ ಎಂಬ ಎರಡು ಬಗೆಯ ಟ್ರಿಪ್ಸಿನ್ ಇನ್‌ಹಿಬಿಟರ್‌ಗಳಿವೆ. ಇಂಥವು ಟ್ರಿಪ್ಸಿನ್ನಿನ ಸೀಳುವ ಜಾಗಕ್ಕೇ ಬಂದು ಕೂರುತ್ತವೆ, ಅಂದರೆ ಟವೆಲ್ ಜಾತಿ. ಆದರೂ ಅವನ ಗೆರೆಗಳಲ್ಲಿ ವಿಮ್ಯಾಕ್ಸ್ ಇಳಿದಿತ್ತು.

ಅವನು ಬಳಸಿದ ಟ್ರಿಪ್ಸಿನ್ ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ. ಟ್ರಿಪ್ಸಿನ್ನಿನ ಅಣುತೂಕ ಸುಮಾರು 23,300. ಲೆಕ್ಕ ಹಾಕಿದರೆ 430 ನ್ಯಾನೋಮೋಲಾರ್ ಕಿಣ್ವ. ಇಂಥ ಇನ್‌ಹಿಬಿಟರ್‌ಗಳ ಕೆಐ ನ್ಯಾನೋಮೋಲಾರ್ ಮಟ್ಟದಲ್ಲಿರುತ್ತದೆ. ಹಾಕಿದ ಇನ್‌ಹಿಬಿಟರ್ ಬಹುಪಾಲು ಕಿಣ್ವಕ್ಕೇ ಅಂಟಿ ಖಾಲಿಯಾಗುತ್ತದೆ. ನಮ್ಮ ಸಮೀಕರಣವೋ, ಹಾಕಿದ್ದೆಲ್ಲ ದ್ರಾವಣದಲ್ಲಿ ಬಿಡಿಯಾಗಿದೆ ಎಂದು ನಂಬಿರುತ್ತದೆ. ಹಿಡಿತ ಇಷ್ಟು ಬಿಗಿಯಾದಾಗ ಕಾಂಪಿಟಿಟಿವ್ ಕೂಡ ನಾನ್‌ಕಾಂಪಿಟಿಟಿವ್ ವೇಷ ಹಾಕುತ್ತದೆ.

ಪತ್ತೆ ಹಚ್ಚಲು ಕಿಣ್ವದ ಪ್ರಮಾಣ ಬದಲಿಸಿ ಐಸಿ50 ಅಳೆಯಿರಿ. ಬಿಗಿ ಹಿಡಿತ ಇದ್ದಾಗ ಐಸಿ50 ಅಂದರೆ ತೋರಿಕೆಯ ಕೆಐ (ಆ ಸಬ್‌ಸ್ಟ್ರೇಟ್ ಸಾಂದ್ರತೆಯಲ್ಲಿ ಕಾಣುವ ಕೆಐ) ಮತ್ತು ಕಿಣ್ವದ ಅರ್ಧ, ಎರಡರ ಮೊತ್ತ. ತೋರಿಕೆಯ ಕೆಐ 5 ನ್ಯಾನೋಮೋಲಾರ್ ಎಂದಿಟ್ಟುಕೊಂಡರೆ, 430ರ ಕಿಣ್ವಕ್ಕೆ ಐಸಿ50 220 ಬರುತ್ತದೆ. ಕಿಣ್ವವನ್ನು 215ಕ್ಕೆ ಇಳಿಸಿದರೆ ಅದು 112ರ ಆಸುಪಾಸಿಗೆ ಇಳಿಯುತ್ತದೆ. ಮಾಮೂಲಿ ಇನ್‌ಹಿಬಿಟರ್ ಆದರೆ ಕಿಣ್ವ ಅರ್ಧ ಮಾಡಿದರೂ ಐಸಿ50 ಅಲ್ಲಾಡುವುದಿಲ್ಲ.

ಹೀಗೆ ಕಂಡರೆ ಲೈನ್‌ವೀವರ್–ಬರ್ಕ್ ಪಕ್ಕಕ್ಕಿಡಿ. 1969ರ ಮಾರಿಸನ್ ಸಮೀಕರಣ ಇದಕ್ಕೆಂದೇ ಇದೆ, ಅಂಟಿಹೋದ ಇನ್‌ಹಿಬಿಟರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದೊಂದು ಸಬ್‌ಸ್ಟ್ರೇಟ್ ಸಾಂದ್ರತೆಯಲ್ಲೂ ಅದರಿಂದ ತೋರಿಕೆಯ ಕೆಐ ತೆಗೆಯಿರಿ. ಸಬ್‌ಸ್ಟ್ರೇಟ್ ಏರಿದಂತೆ ಅದು ನೇರ ಗೆರೆಯಲ್ಲಿ ಏರಿದರೆ ಕಾಂಪಿಟಿಟಿವ್, ಇಳಿದರೆ ಅನ್‌ಕಾಂಪಿಟಿಟಿವ್, ಅಲ್ಲಾಡದೆ ನಿಂತರೆ ನಾನ್‌ಕಾಂಪಿಟಿಟಿವ್. ಇಂಥ ಪ್ರೋಟೀನುಗಳು ಕೂರಲು ಸಮಯ ತೆಗೆದುಕೊಳ್ಳುತ್ತವೆ. ಹಾಗಾಗಿ ಸಬ್‌ಸ್ಟ್ರೇಟ್ ಹಾಕುವ ಮೊದಲು ಕಿಣ್ವದ ಜೊತೆ ಐದು, ಹದಿನೈದು, ಮೂವತ್ತು ನಿಮಿಷ ಇಟ್ಟು ನೋಡಿ, ವೇಗ ಬದಲಾಗುವುದು ಎಲ್ಲಿ ನಿಲ್ಲುತ್ತದೋ ಅಷ್ಟು ಹೊತ್ತು ಇಡಿ.

ಬರೆಯುವಾಗ ಒಂದು ಎಚ್ಚರ. ಅಂಕಿಗಳು ಕಾಂಪಿಟಿಟಿವ್ ಎಂದರೆ ಇನ್‌ಹಿಬಿಟರ್ ಮತ್ತು ಸಬ್‌ಸ್ಟ್ರೇಟ್ ಒಟ್ಟಿಗೆ ಕೂರಲಾರವು ಎಂದಷ್ಟೇ ಅರ್ಥ. ಒಂದೇ ಜಾಗದಲ್ಲಿ ಕೂರುತ್ತವೆ ಎಂದು ಅವು ಹೇಳುವುದಿಲ್ಲ, ಅದಕ್ಕೆ ರಚನೆಯ ಸಾಕ್ಷ್ಯ ಬೇಕು. ಎರಡು ಸಬ್‌ಸ್ಟ್ರೇಟ್ ಇರುವ ಕಿಣ್ವವಾದರೆ ಯಾವುದರ ಎದುರು ಕಾಂಪಿಟಿಟಿವ್ ಎಂದು ಹೆಸರಿಸಿ. ಒಂದರ ಎದುರು ಕಾಂಪಿಟಿಟಿವ್ ಆದದ್ದು ಇನ್ನೊಂದರ ಎದುರು ಮಿಕ್ಸ್ಡ್ ಆಗಬಹುದು.

ಹುಡುಗ ಕಿಣ್ವವನ್ನು ಅರ್ಧ ಮಾಡಿದ, ಕಾಲು ಮಾಡಿದ. ಐಸಿ50 ಕೂಡ ಅದರ ಹಿಂದೆಯೇ ಇಳಿಯಿತು. ಮಾರಿಸನ್ ಹಚ್ಚಿದ ಮೇಲೆ ತೋರಿಕೆಯ ಕೆಐ ಸಬ್‌ಸ್ಟ್ರೇಟ್ ಜೊತೆ ಏರುತ್ತಾ ಹೋಯಿತು. ಪ್ರಬಂಧದ ಶೀರ್ಷಿಕೆಯನ್ನು ಅವನು ಆಗಲೇ ಪ್ರಿಂಟಿಗೆ ಕೊಟ್ಟಿದ್ದ. “ಮತ್ತ ಪ್ರಿಂಟ್ ತೆಗಿಸಬೇಕಾಗ್ತದ ರೀ ಸರ್” ಎಂದು ಮುಖ ಸಣ್ಣ ಮಾಡಿದ. ಮುಖಪುಟ ಒಂದೇ ಹಾಳೆ, ಸಂಜೆಯೊಳಗೆ ಬದಲಾಯಿತು.